ಕತ್ತಲೆ ಕೋಣೆಯಲ್ಲಿ ಕೊತ್ತಂಬರಿ

ಜೂನ್ ಬಂದು ಮೋಡ ಕವಿದು ಕೂತ್ಕೊಂಡ ಮೇಲೆ ನಮ್ಮ ಬೀದಿ ಹೆಂಗಸರ ಬಾಯಲ್ಲಿ ಒಂದು ಮಾತು ಪದೇ ಪದೇ ಕೇಳ್ತೀನಿ. "ನನ್ನ ಕೈಗುಣ ಸರಿ ಇಲ್ಲ ಕಣ್ರೀ, ಏನು ಹಾಕಿದ್ರೂ ಹತ್ತಲ್ಲ." ನರ್ಸರಿಯಿಂದ ಚೆನ್ನಾಗಿರೋ ಪುದೀನ ತಂದು ಅಡುಗೆಮನೆ ಕಿಟಕಿ ಹತ್ರ ಇಟ್ಟಿರ್ತಾರೆ, ಎರಡು ವಾರಕ್ಕೆ ಕಡ್ಡಿ ಸಣ್ಣ ಆಗಿ, ಎಲೆ ಉದುರಿ, ಬುಡ ಕಪ್ಪಾಗಿರುತ್ತೆ. ಕೊತ್ತಂಬರಿ ಬಿತ್ತಿದ್ರೆ ದಾರದ ಥರ ಉದ್ದ ಬೆಳೆದು ಅಡ್ಡ ಬಿದ್ದಿರುತ್ತೆ. ಈ ಮಾತು ಆಡೋರಲ್ಲಿ ಮುಕ್ಕಾಲು ಪಾಲು ಜನ ಕೊಪ್ಪ, ಬಾಳೆಹೊನ್ನೂರು, ಮೂಡಿಗೆರೆ ಕಡೆಯ ಹಳ್ಳಿಗಳಿಂದ ಮದುವೆ ಆಗಿಯೋ ಕೆಲಸಕ್ಕೋ ಚಿಕ್ಕಮಗಳೂರಿಗೆ ಬಂದವರು. ತವರಿನ ಹಿತ್ತಲಲ್ಲಿ ಹರಿವೆ, ಬಸಳೆ, ಒಂದೆಲಗ, ಜೀರಿಗೆ ಮೆಣಸು ಎಲ್ಲಾ ಬೆಳೆಸಿದ ಅದೇ ಕೈ ಬಾಡಿಗೆ ಮನೆಗೆ ಬಂದ ಕೂಡ್ಲೇ ಕೆಟ್ಟ ಕೈ ಆಗೋದು ಹೇಗೆ? ಈ ಪ್ರಶ್ನೆ ನನ್ನ ತಲೆಯಲ್ಲಿ ತುಂಬ ದಿನ ಕೊರೀತಾ ಇತ್ತು, ಅದನ್ನೇ ಇಲ್ಲಿ ಬರೀತಿದ್ದೀನಿ.

ನಮ್ಮದೂ ಗ್ರೌಂಡ್ ಫ್ಲೋರ್ ಬಾಡಿಗೆ ಮನೆ. ಕಿಟಕಿ ತೆಗೆದ್ರೆ ಕೈಗೆ ಸಿಗೋ ದೂರದಲ್ಲಿ ಪಕ್ಕದ ಮನೆ ಗೋಡೆ, ಅದಕ್ಕೆ ಮಳೆಗಾಲ ಪೂರ್ತಿ ಪಾಚಿ. ಟೆರೇಸ್ ಇದೆ, ಆದ್ರೆ ಈ ಊರಲ್ಲಿ ಗೊತ್ತಲ್ಲ, ಸೋರಬಾರ್ದು ಅಂತ ಆರ್‌ಸಿಸಿ ಮೇಲೆ ಮತ್ತೆ ಶೀಟ್ ಹೊದಿಸಿರ್ತಾರೆ, ಅಲ್ಲಿ ಬಟ್ಟೆ ಒಣಗುತ್ತೆ ಅಷ್ಟೆ, ಗಿಡಕ್ಕೆ ಆಕಾಶ ಕಾಣಲ್ಲ. ಹಾಗಾಗಿ ನನಗೆ ಉಳಿದಿದ್ದು ಒಳಗಿನ ಸ್ಟೋರ್ ರೂಮು. ಅಕ್ಕಿ ಡ್ರಮ್ಮು, ಹಳೇ ಸೂಟ್‌ಕೇಸು, ಗ್ಯಾಸ್ ಸಿಲಿಂಡರ್ ಇಡೋ ಕಿಟಕಿಯೇ ಇಲ್ಲದ ಕೋಣೆ. ಈಗ ಅಲ್ಲೇ ನಮ್ಮ ಮನೆಯ ಸೊಪ್ಪು ಬೆಳೆಯುತ್ತೆ. ಸಿಲಿಂಡರನ್ನ ಮಾತ್ರ ಮೊದಲೇ ಅಲ್ಲಿಂದ ಹೊರಗೆ ಸಾಗಿಸಿದೆ, ಸದಾ ಕರೆಂಟ್ ಓಡೋ ಮುಚ್ಚಿದ ಕೋಣೆಯಲ್ಲಿ ಅದು ಇರಬಾರ್ದು.

ಕಣ್ಣು ಹೇಳೋದನ್ನ ನಂಬಂಗಿಲ್ಲ

"ನಮ್ಮ ಕಿಟಕಿ ಹತ್ರ ಬೇಕಾದಷ್ಟು ಬೆಳಕಿದೆ, ಪೇಪರ್ ಓದಬಹುದು" ಅಂತಾರೆ. ಪೇಪರ್ ಓದೋಕೆ ಬೇಕಾದ ಬೆಳಕೇ ಬೇರೆ, ಗಿಡ ಬದುಕೋಕೆ ಬೇಕಾದ ಬೆಳಕೇ ಬೇರೆ. ನಮ್ಮ ಕಣ್ಣಿನ ಪಾಪೆ ಕತ್ತಲಲ್ಲಿ ಅಗಲ ಆಗುತ್ತೆ, ಬಿಸಿಲಲ್ಲಿ ಕಿರಿದಾಗುತ್ತೆ, ಮಿದುಳೂ ಅದಕ್ಕೆ ಹೊಂದ್ಕೊಳ್ಳುತ್ತೆ, ಹಾಗಾಗಿ ಹತ್ತುಪಟ್ಟು ನೂರುಪಟ್ಟು ವ್ಯತ್ಯಾಸ ಇದ್ರೂ ನಮಗೆ ಗೊತ್ತೇ ಆಗಲ್ಲ. ಲಕ್ಸ್ ಅಂದ್ರೆ ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತೆ ಅನ್ನೋದರ ಅಳತೆ. ಫೋನಲ್ಲಿ ಲಕ್ಸ್ ಮೀಟರ್ ಆ್ಯಪ್ ಫ್ರೀಯಾಗಿ ಸಿಗುತ್ತೆ, ಒಂದ್ಸಲ ಹಾಕ್ಕೊಂಡು ಮನೆಯೆಲ್ಲಾ ಓಡಾಡಿ ನೋಡಿ. ನಮ್ಮ ಅಡುಗೆಮನೆ ಕಟ್ಟೆ ಮೇಲೆ ನೂರೈವತ್ತರ ಆಸುಪಾಸು, ಕಿಟಕಿ ಪಕ್ಕ ಮುನ್ನೂರು ನಾನೂರು, ಅದೇ ಹೊತ್ತಲ್ಲಿ ಹೊರಗೆ ಬಂದು ಮೋಡದ ಕೆಳಗೆ ರಸ್ತೆಯಲ್ಲಿ ನಿಂತ್ರೆ ಎಂಟೊಂಬತ್ತು ಸಾವಿರ. ಮಾರ್ಚ್ ಮಧ್ಯಾಹ್ನದ ಸುಡು ಬಿಸಿಲು ಅಂದ್ರೆ 1 ಲಕ್ಷ ಲಕ್ಸ್ ಹತ್ರ. ಫೋನಿನ ಸೆನ್ಸರ್ ಅಷ್ಟೇನೂ ನಿಖರ ಇರಲ್ಲ, ಆದ್ರೆ ನೂರಕ್ಕೂ ಹತ್ತು ಸಾವಿರಕ್ಕೂ ಇರೋ ಅಂತರ ತೋರಿಸೋಕೆ ಅದು ಧಾರಾಳ ಸಾಕು.

ಬೆಳಕು ಕಡಿಮೆ ಆದಾಗ ಗಿಡ ಏನ್ಮಾಡುತ್ತೆ ಅನ್ನೋದನ್ನ ನಾವೆಲ್ಲಾ ಮದುವೆ ಮನೆಯಲ್ಲಿ ನೋಡಿರ್ತೀವಿ. ಅಂಕುರಾರ್ಪಣೆಗೆ ಅಂತ ಮಣ್ಣಿನ ಪಾಲಿಕೆಯಲ್ಲಿ ನವಧಾನ್ಯ ಬಿತ್ತಿ ಒಳಗೆ ಮೂಲೆಯಲ್ಲಿ ಇಟ್ಟಿರ್ತಾರಲ್ಲ, ಅದರ ಮೊಳಕೆ ನೆನಪು ಮಾಡ್ಕೊಳ್ಳಿ. ತಿಳಿ ಹಳದಿ ಬಣ್ಣ, ಬೆಳ್ಳಗಿನ ಉದ್ದ ಕಾಂಡ, ತುದಿಯಲ್ಲಿ ಸರಿಯಾಗಿ ಬಿಚ್ಚಿಕೊಳ್ಳದ ಪುಟ್ಟ ಎಲೆ. ನೋಡೋಕೆ ಚಂದ, ಆದ್ರೆ ಬೀಜದೊಳಗಿನ ಗಂಟನ್ನೆಲ್ಲಾ ಖರ್ಚು ಮಾಡಿ ಬೆಳಕು ಹುಡುಕ್ಕೊಂಡು ಮೇಲೆದ್ದಿರುತ್ತೆ ಅದು. ಆ ಗಂಟು ಮುಗಿಯೋದ್ರೊಳಗೆ ಬೆಳಕು ಸಿಗದಿದ್ರೆ ಅದರ ಕತೆ ಮುಗೀತು. ಕಿಟಕಿ ಪಕ್ಕದ ಕೊತ್ತಂಬರಿಗೂ ನಿಧಾನವಾಗಿ ಇದೇ ಆಗ್ತಾ ಇರುತ್ತೆ, ಆಗ ನಾವು ನೀರು ಸಾಲದೇನೋ ಅಂತ ಇನ್ನೊಂದು ಲೋಟ ಹಾಕ್ತೀವಿ, ಗೊಬ್ಬರ ಸಾಲದೇನೋ ಅಂತ ಎರೆಗೊಬ್ಬರ ಹಾಕ್ತೀವಿ. ಗಿಡಕ್ಕೆ ಬೆಳಕೇ ಊಟ. ಊಟ ಬಡಿಸದೆ ಬರೀ ನೀರು ಕುಡಿಸ್ತಾ ಇದ್ರೆ ಯಾವ ಕೈಗುಣ ತಾನೇ ಏನು ಮಾಡೀತು.

ಮರಗಸಿ ಮಾಡೋರಿಗೆ ಗೊತ್ತಿತ್ತು

ನನಗೆ ಆಶ್ಚರ್ಯ ಆಗೋದು ಏನಂದ್ರೆ ಬೆಳಕನ್ನ ಅಳೆದು ಕೊಡೋ ವಿದ್ಯೆ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಕಾಫಿ ಬೆಳೆಯೋರಿಗೆ ವರ್ಷಪೂರ್ತಿ ಅದೇ ಕೆಲಸ. ಆಲ್ದೂರು ಹತ್ರ ನಮ್ಮಪ್ಪಂಗೆ ಸ್ವಲ್ಪ ತೋಟ ಇದೆ, ಚಿಕ್ಕವಳಿದ್ದಾಗ ಮಳೆ ಹಿಡಿಯೋಕೆ ಮುಂಚೆ ಮರಗಸಿ ಮಾಡೋ ದಿನ, ಅಂದ್ರೆ ಕಾಫಿ ಗಿಡಕ್ಕೆ ಬೆಳಕು ಬಿಡೋಕೆ ಮೇಲಿನ ನೆರಳು ಮರಗಳ ಕೊಂಬೆ ಕಡಿಯೋ ದಿನ, ಅಪ್ಪನ ಹಿಂದೆ ಹೋಗ್ತಿದ್ದೆ. ಮರ ಹತ್ತೋ ಆಳು ವಯಸ್ಸಾದವರು, ಸೊಂಟಕ್ಕೆ ಹಗ್ಗ, ಬೆನ್ನ ಹಿಂದೆ ಕತ್ತಿ. ಮರ ಹತ್ತೋಕೆ ಮುಂಚೆ ಅವರು ಮೇಲೆ ನೋಡ್ತಿರ್ಲಿಲ್ಲ, ನೆಲ ನೋಡ್ತಿದ್ರು. ಕಾಫಿ ಗಿಡದ ಸಾಲಿನ ಮಧ್ಯೆ ಕುಕ್ಕರುಗಾಲಲ್ಲಿ ಕೂತು ತರಗೆಲೆ ಮೇಲೆ ಬಿಸಿಲು ಎಲ್ಲೆಲ್ಲಿ ಬಿದ್ದಿದೆ ಅಂತ ನಿಧಾನವಾಗಿ ಕಣ್ಣಾಡಿಸ್ತಿದ್ರು. "ಇಲ್ಲಿ ಕಾಣಿ ಅಯ್ಯ, ಒಂದು ಚುಕ್ಕಿನೂ ಬಿದ್ದಿಲ್ಲ ನೆಲಕ್ಕೆ. ಆ ಹಾಲುವಾಣದ ಎರಡು ಕೊಂಬೆ ಇಳಿಸ್ಲಾ?" ಅಪ್ಪ "ಎರಡು ಬೇಡ ಮಾರಾಯ, ಒಂದು ಇಳಿಸು, ನೋಡಾಣ" ಅಂತಿದ್ರು. ಒಂದು ಕೊಂಬೆ ಬಿದ್ದ ಮೇಲೆ ಮತ್ತೆ ಇಳಿದು ಬಂದು ನೆಲ ನೋಡೋರು. ಮಳೆಗಾಲದಲ್ಲಿ ಮೋಡ ಕಟ್ಟಿ ಹೇಗೂ ಬೆಳಕು ಕಮ್ಮಿ ಆಗುತ್ತೆ, ನೆರಳನ್ನೂ ಹಾಗೇ ಬಿಟ್ರೆ ಗಿಡಕ್ಕೆ ಗಾಳಿ ಬೆಳಕು ಎರಡೂ ಇಲ್ಲದೆ ಕೊಳೆ ರೋಗ ಬರುತ್ತೆ ಅನ್ನೋದು ಅವರ ಲೆಕ್ಕ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾಗಿದ್ದು, ಅಲ್ಲಿಯವರು ನೆರಳಿನ ಬಗ್ಗೆ ಹೇಳೋದೂ ಇದೇ ವಿಷಯ, ಆದ್ರೆ ನನಗೆ ಅದನ್ನ ಮೊದಲು ತೋರಿಸಿದ್ದು ತರಗೆಲೆ ಮೇಲಿನ ಆ ಬಿಸಿಲ ಚುಕ್ಕಿ.

ತೋಟದಲ್ಲಿ ಒಂದು ಕೊಂಬೆಯಷ್ಟು ಬೆಳಕಿಗೆ ಅಷ್ಟು ಯೋಚನೆ ಮಾಡೋ ನಾವು ಮನೆಯೊಳಗೆ ಗಿಡ ಇಡುವಾಗ ಮಾತ್ರ ಬೆಳಕನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಚಂದದ ಪಾಟ್‌ಗೆ, ಪ್ಯಾಕೆಟ್ ಮಣ್ಣಿಗೆ, ಬಾಟಲಿ ಗೊಬ್ಬರಕ್ಕೆ ದುಡ್ಡು ಸುರೀತೀವಿ. ನಾನು ಹೇಳೋದು ಇಷ್ಟೆ, ಕೈಯಲ್ಲಿರೋ ದುಡ್ಡಲ್ಲಿ ಮುಕ್ಕಾಲು ಪಾಲು ಬೆಳಕಿಗೆ ಹಾಕಿ, ಉಳಿದಿದ್ದೆಲ್ಲಾ ಬಿಟ್ಟಿ ಅಥವಾ ಹಳೇದು ಹೊಂದಿಸ್ಕೊಳ್ಳಿ.

ರ್ಯಾಕು, ಟ್ಯೂಬು, ಮೀನಿನ ಡಬ್ಬ

ಅಂಗಡಿ ಮುಚ್ಚೋರು ಮಾರೋ ಸ್ಲಾಟೆಡ್ ಆಂಗಲ್ ರ್ಯಾಕ್ ಗುಜರಿಯಲ್ಲಿ ಸಿಗುತ್ತೆ, ತೂತು ತೂತು ಇರೋ ಕಬ್ಬಿಣದ ಕಾಲು, ನಟ್ಟು ಬೋಲ್ಟು ಹಾಕಿ ತಟ್ಟೆ ಎತ್ತರ ಹೆಚ್ಚು ಕಮ್ಮಿ ಮಾಡಬಹುದು. ಈ ತೂತುಗಳೇ ಅದರ ದೊಡ್ಡ ಗುಣ, ಲೈಟ್ ನೇತು ಹಾಕೋಕೆ ಬೇರೆ ಏನೂ ಬೇಡ. ನಮ್ಮದು ನಾಲ್ಕಡಿ ಉದ್ದ ಒಂದೂವರೆ ಅಡಿ ಅಗಲದ್ದು, ಅದಕ್ಕೆ ಬಿಳಿ ಪೇಂಟ್ ಹೊಡೆದೆ. ತುಕ್ಕು ತಡೆಯೋದಷ್ಟೇ ಅಲ್ಲ, ಬಿಳಿ ಬಣ್ಣ ಬೆಳಕನ್ನ ವಾಪಸ್ ಗಿಡದ ಮೇಲೆ ಎಸೆಯುತ್ತೆ. ಮೂರೂ ಕಡೆ ಥರ್ಮಾಕೋಲ್ ಶೀಟ್ ಕಟ್ಟಿದೆ, ಮುಂದೆ ಮಾತ್ರ ತೆರೆದಿದೆ.

ಲೈಟು ಅಂದ್ರೆ ಎಲ್ಲರ ಮನೆಯಲ್ಲೂ ಇರೋ ನಾಲ್ಕಡಿ ಎಲ್‌ಇಡಿ ಟ್ಯೂಬೇ, 20 ವ್ಯಾಟಿನದ್ದು, 6500 ಕೆ ಅಂತ ಬರೆದಿರೋ ಬಿಳಿ ಬೆಳಕು. ಇನ್ನೂರು ಇನ್ನೂರೈವತ್ತು ರೂಪಾಯಿಗೆ ಒಂದು ಸಿಗುತ್ತೆ. ಡಬ್ಬದ ಮೇಲೆ ಲ್ಯೂಮೆನ್ ಅಂತ ಇರುತ್ತೆ, ಟ್ಯೂಬು ಒಟ್ಟು ಕೊಡೋ ಬೆಳಕಿನ ಅಳತೆ ಅದು, ಅದನ್ನ ನೋಡಿ ತಗೊಳ್ಳಿ, 2000ದ ಹತ್ರ ಇರಬೇಕು. ಅಂಗಡಿಯವರು "ಮೇಡಂ, ಸ್ಟೋರ್ ರೂಮಿಗೆ ನಾಲ್ಕು ಟ್ಯೂಬ್ ಯಾಕೆ, ಒಂದು ಹಾಕಿ ಸಾಕು" ಅಂತ ಕಾಳಜಿಯಿಂದಲೇ ಹೇಳಿದ್ರು. ಒಂದೇ ತಟ್ಟೆಗೆ ನಾಲ್ಕು ಅಂತ ಹೇಳಿದಾಗ ಅವರೇ ಕುತೂಹಲದಿಂದ ಕೂತು, ಒಂದರಿಂದ ಒಂದಕ್ಕೆ ವೈರ್ ಜೋಡಿಸಿ, ಕೊನೆಗೆ ಮೂರು ಪಿನ್ನಿನ ಪ್ಲಗ್ ಹಾಕಿಕೊಟ್ರು. ನಾಲ್ಕು ಟ್ಯೂಬ್ ಸೇರಿ ಗಿಡದ ತುದಿಯಿಂದ ಅರ್ಧ ಅಡಿ ಮೇಲೆ ನೇತಾಡಿದ್ರೆ ಎಲೆ ಮಟ್ಟದಲ್ಲಿ ಹತ್ತು ಸಾವಿರ ಲಕ್ಸ್ ಆಸುಪಾಸು ಬರುತ್ತೆ. ಅಂದ್ರೆ ಮಳೆಗಾಲದ ಬಯಲಿನಷ್ಟು ಬೆಳಕು ಸ್ಟೋರ್ ರೂಮಿನೊಳಗೆ. ದೂರ ಹೋದಷ್ಟೂ ಬೆಳಕು ಬೇಗ ಇಳಿಯುತ್ತೆ, ಅದೇ ಟ್ಯೂಬನ್ನ ರೂಮಿನ ಸೀಲಿಂಗಿಗೆ ಹಾಕಿದ್ರೆ ಕೆಳಗಿನ ಗಿಡಕ್ಕೆ ಕೆಲವೇ ನೂರು ಲಕ್ಸ್. ಸಸಿ ಚಿಕ್ಕದಿದ್ದಾಗ ಟ್ರೇ ಕೆಳಗೆ ಇಟ್ಟಿಗೆ ಇಟ್ಟು ಎತ್ತರಿಸಿ, ಬೆಳೆದ ಹಾಗೆ ಒಂದೊಂದೇ ಇಟ್ಟಿಗೆ ತೆಗೀತಾ ಬಂದ್ರೆ ಲೈಟನ್ನ ಮುಟ್ಟೋದೇ ಬೇಡ.

ಟ್ರೇ ಬದಲು ನಾನು ಮೀನಿನ ಥರ್ಮಾಕೋಲ್ ಡಬ್ಬ ಬಳಸ್ತೀನಿ. ಮಂಗಳೂರು ಕಡೆಯಿಂದ ಐಸ್ ಹಾಕ್ಕೊಂಡು ಬರೋ ಡಬ್ಬ ಮೀನಂಗಡಿಯಲ್ಲಿ ಖಾಲಿ ಬಿದ್ದಿರುತ್ತೆ, ಕೇಳಿದ್ರೆ ಕೊಡ್ತಾರೆ. ಸೋಪಿನ ನೀರಲ್ಲಿ ತೊಳೆದು, ಮಳೆ ನಿಂತ ಹೊತ್ತಲ್ಲಿ ಹೊರಗೆ ಇಟ್ಟು ವಾಸನೆ ಬಿಡಿಸಿ, ಅಂಚನ್ನ ನಾಲ್ಕೈದು ಇಂಚಿಗೆ ಕುಯ್ದು, ತಳಕ್ಕೆ ಬಿಸಿ ಕಂಬಿಯಲ್ಲಿ ತೂತು ಮಾಡಿದ್ರೆ ಮುಗೀತು. ಕಂಬಿ ಇಳಿಸುವಾಗ ಕೆಟ್ಟ ಹೊಗೆ ಬರುತ್ತೆ, ಅದನ್ನ ಮಾತ್ರ ಹೊರಗೆ ಜಗಲಿ ಮೇಲೆ ಮಾಡಿ.

ಮಣ್ಣಿಗೆ ಕಾಫಿ ನರ್ಸರಿ ಲೆಕ್ಕ ಎಲ್ಲರಿಗೂ ಬಾಯಿಪಾಠ, 6 ಪಾಲು ಕಾಡುಮಣ್ಣು, 2 ಪಾಲು ಗೊಬ್ಬರ, 1 ಪಾಲು ಮರಳು. ಹೊರಗೆ ಅದು ಒಳ್ಳೇದು, ಮನೆಯೊಳಗೆ ಭಾರ ಜಾಸ್ತಿ, ಬೇಗ ಆರಲ್ಲ, ಜೊತೆಗೆ ಕಾಡುಮಣ್ಣಲ್ಲಿ ಏನೇನೋ ಜೀವ ಬರುತ್ತೆ. ಹಾಗಾಗಿ ನಾನು ಕೋಕೋಪೀಟ್, ಅಂದ್ರೆ ತೆಂಗಿನ ನಾರಿನ ಪುಡಿ, ಅರ್ಧಕ್ಕೂ ಹೆಚ್ಚು ಹಾಕಿ ಉಳಿದಿದ್ದು ಎರೆಗೊಬ್ಬರ, ಸ್ವಲ್ಪ ಮರಳು ಸೇರಿಸ್ತೀನಿ. ಅರಸೀಕೆರೆ ತಿಪಟೂರು ಕಡೆ ತೆಂಗಿನ ನಾರಿನ ಕೆಲಸ ಇರೋದ್ರಿಂದ ಕೋಕೋಪೀಟ್ ನಮಗೆ ದೂರದ್ದೇನಲ್ಲ, 5 ಕೆಜಿ ಇಟ್ಟಿಗೆ ನೆನೆಸಿದ್ರೆ ದೊಡ್ಡ ಟಬ್ ತುಂಬಿ ಹೊರಗೆ ಬರುತ್ತೆ. ಅದರಲ್ಲಿ ಉಪ್ಪಿನಂಶ ಇರುತ್ತೆ, ಎರಡು ಮೂರು ಸಲ ನೀರು ಬದಲಿಸಿ ಹಿಂಡಿ ತೆಗೀಲೇಬೇಕು. ನಮ್ಮಲ್ಲಿ ಮಳೆ ನೀರಿಗೆ ಬರ ಇಲ್ವಲ್ಲ, ಆ ಕೆಲಸ ಜುಲೈನಲ್ಲಿ ಇಟ್ಕೊಂಡ್ರೆ ಆಯ್ತು.

ನೇರಳೆ ಲೈಟು ಬೇಕಾ?

ಎಲ್ಲರೂ ಕೇಳೋ ಪ್ರಶ್ನೆ ಇದು. ಆನ್‌ಲೈನಲ್ಲಿ ಕೆಂಪು ನೀಲಿ ಸೇರಿದ ನೇರಳೆ ಬಣ್ಣದ ಗ್ರೋ ಲೈಟ್ ಅಂತ ಮಾರ್ತಾರೆ, ಎಲೆಯ ಹಸಿರು ದ್ರವ್ಯ ಕೆಂಪು ನೀಲಿಯನ್ನ ಚೆನ್ನಾಗಿ ಹೀರುತ್ತೆ, ಹಸಿರನ್ನ ಸ್ವಲ್ಪ ವಾಪಸ್ ಬಿಡುತ್ತೆ ಅನ್ನೋದು ಅದರ ಹಿಂದಿನ ಮಾತು. ಅದು ಸುಳ್ಳಲ್ಲ, ಆದ್ರೆ ಪೂರ್ತಿಯೂ ಅಲ್ಲ. ಮೆಕ್ರೀ ಅನ್ನೋ ವಿಜ್ಞಾನಿ 1972ರಲ್ಲಿ ಪ್ರಕಟಿಸಿದ ಕೆಲಸದಲ್ಲಿ 22 ಬೆಳೆಗಳ ಎಲೆ ಇಟ್ಕೊಂಡು ಒಂದೊಂದೇ ಬಣ್ಣದ ಬೆಳಕು ಬಿಟ್ಟು ಅಳೆದು, ಹಸಿರು ಬೆಳಕನ್ನೂ ಎಲೆ ಸಾಕಷ್ಟು ಬಳಸಿಕೊಳ್ಳುತ್ತೆ ಅಂತ ತೋರಿಸಿದ್ರು. 400ರಿಂದ 700 ನ್ಯಾನೋಮೀಟರ್ ಒಳಗಿನ, ಅಂದ್ರೆ ನೇರಳೆಯಿಂದ ಕೆಂಪಿನವರೆಗಿನ ಎಲ್ಲ ಬಣ್ಣವೂ ಗಿಡಕ್ಕೆ ಉಪಯೋಗವೇ. ನಮ್ಮ ಬಿಳಿ ಎಲ್‌ಇಡಿ ಒಳಗೆ ಇರೋದು ನೀಲಿ ಎಲ್‌ಇಡಿಯೇ, ಅದರ ಮೇಲಿನ ಹಳದಿ ಲೇಪ ನೀಲಿಯಲ್ಲಿ ಒಂದಿಷ್ಟನ್ನ ಬೇರೆ ಬಣ್ಣಕ್ಕೆ ತಿರುಗಿಸುತ್ತೆ. ಆ ನೀಲಿ ಎಲ್‌ಇಡಿ ಮಾಡಿದ ಅಕಸಾಕಿ, ಅಮಾನೋ, ನಕಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಇನ್ನೂರು ರೂಪಾಯಿ ಟ್ಯೂಬಲ್ಲಿ ಮನೆಯೊಳಗೆ ಸೊಪ್ಪು ಬೆಳೆಯೋ ಹಾಗಾಗಿದ್ದು ಅವರಿಂದ, ನನಗಂತೂ ಅವರ ಮೇಲೆ ತುಂಬು ಗೌರವ. ಇನ್ನೊಂದು ವಿಷಯ, ನೇರಳೆ ಬೆಳಕಲ್ಲಿ ಎಲೆ ಎಲ್ಲಾ ಕಪ್ಪು ಕಪ್ಪಾಗಿ ಕಾಣುತ್ತೆ, ಹಳದಿ ಆಗಿದ್ಯೋ ರೋಗ ಬಂದಿದ್ಯೋ ತಿಳಿಯಲ್ಲ. ಗಿಡ ಸಾಕೋರಿಗೆ ಎಲೆ ಬಣ್ಣ ಕಾಣಬೇಕು.

ಏನು ಬರುತ್ತೆ, ಏನು ಬರಲ್ಲ ಅನ್ನೋದಕ್ಕೆ ಒಂದು ಸರಳ ಲೆಕ್ಕ ಇದೆ. ಗಿಡಕ್ಕೆ ಮುಖ್ಯ ದಿನದ ಒಟ್ಟು ಬೆಳಕು. ಹತ್ತು ಸಾವಿರ ಲಕ್ಸ್ ಬೆಳಕನ್ನ 14 ಗಂಟೆ ಕೊಟ್ರೆ ಅದು ಮಟಮಟ ಮಧ್ಯಾಹ್ನದ 1 ಲಕ್ಷ ಲಕ್ಸ್ ಬಿಸಿಲಿನ ಹೆಚ್ಚು ಕಮ್ಮಿ ಒಂದೂವರೆ ಗಂಟೆಗೆ ಸಮ. ಇಷ್ಟರಲ್ಲಿ ಮೆಂತ್ಯ, ಹರಿವೆ, ಕೊತ್ತಂಬರಿ, ಪುದೀನ, ದೊಡ್ಡಪತ್ರೆ ಬರುತ್ತೆ, ಬದನೆ ಮೆಣಸಿನ ಸಸಿ ಚೆನ್ನಾಗಿ ಎದ್ದು ನಿಲ್ಲುತ್ತೆ. ಟೊಮೇಟೊ ಹಣ್ಣಾಗ್ಬೇಕು ಅಂದ್ರೆ ಇದರ ಮೂರು ನಾಲ್ಕು ಪಟ್ಟು ಬೇಕು, ಅಷ್ಟು ಬೆಳಕು ಕರೆಂಟಲ್ಲಿ ಕೊಟ್ಟು ಬೆಳೆದ ಟೊಮೇಟೊಗಿಂತ ಸಂತೆಯದ್ದೇ ಸರಿ.

ಸೊಪ್ಪುಗಳಲ್ಲಿ ಮೊದಲ ಸಲಕ್ಕೆ ಮೆಂತ್ಯ ಹಾಕಿ. ಅಡುಗೆಮನೆ ಡಬ್ಬದ್ದೇ ಕಾಳು, ರಾತ್ರಿ ನೆನೆಸಿ ಬಿತ್ತಿದ್ರೆ ಎರಡು ಮೂರು ದಿನಕ್ಕೆ ಮೂತಿ ತೋರಿಸುತ್ತೆ. ಕೊತ್ತಂಬರಿಗೆ ತಾಳ್ಮೆ ಬೇಕು. ಒಂದು ಕಾಳಲ್ಲಿ ಎರಡು ಬೀಜ ಇರುತ್ತೆ, ಚಪ್ಪಲಿ ಅಡಿಯಲ್ಲಿ ಮೆಲ್ಲಗೆ ಉಜ್ಜಿ ಹೋಳು ಮಾಡಿ ಬಿತ್ತಿದ್ರೆ ಎಂಟರಿಂದ ಹನ್ನೆರಡು ದಿನ. ಜುಲೈನಲ್ಲಿ ನಮ್ಮೂರಿನ ತಂಪು ಕೊತ್ತಂಬರಿಗೆ ಹೇಳಿ ಮಾಡಿಸಿದ ಹಾಗಿರುತ್ತೆ, ಬಯಲುಸೀಮೆಯವರು ಇದಕ್ಕೆ ಎಸಿ ಹಾಕ್ಬೇಕು. ಆದ್ರೆ ಲೈಟನ್ನ 14 ಗಂಟೆ ಮೇಲೆ ಬಿಡಬೇಡಿ, ಹಗಲು ಉದ್ದ ಆದ್ರೆ ಅದು ಬೇಗ ಹೂವಿಗೆ ತಿರುಗುತ್ತೆ. ಮೆಣಸಿನ ಬೀಜದ್ದು ಇದಕ್ಕೆ ಉಲ್ಟಾ, ಅದಕ್ಕೆ ಮೊಳಕೆ ಬರೋಕೆ 25ರಿಂದ 30 ಡಿಗ್ರಿ ಬೆಚ್ಚಗಿರಬೇಕು, ಮಳೆಗಾಲದ ನಮ್ಮ ಮನೆಯೊಳಗೆ ಅಷ್ಟು ಸಿಗಲ್ಲ. ಬೀಜ ಹಾಕಿದ ಟ್ರೇಯನ್ನ ಲೈಟಿನ ಕೆಳಗೆ ಇಡದೆ ಅದರ ಮೇಲಿನ ತಟ್ಟೆಯಲ್ಲಿ ಇಡಿ, ಕೆಳಗಿನ ಟ್ಯೂಬುಗಳ ಬಿಸಿ ತಟ್ಟೆಗೆ ತಾಗಿ ಹದವಾಗಿ ಬೆಚ್ಚಗಿರುತ್ತೆ. ಮೊಳಕೆ ಕಂಡ ದಿನವೇ ಬೆಳಕಿಗೆ ಇಳಿಸಬೇಕು.

ಥಂಡಿ

ಬೇರೆ ಊರಿನವರ ವಿಡಿಯೋಗಳಲ್ಲಿ ನೀರು ಸ್ಪ್ರೇ ಮಾಡಿ, ಪ್ಲಾಸ್ಟಿಕ್ ಮುಚ್ಚಿ, ತೇವ ಕಾಪಾಡಿ ಅಂತ ಹೇಳ್ತಾರೆ. ಮಲೆನಾಡಲ್ಲಿ ಜುಲೈ ತಿಂಗಳು ಚಪ್ಪಲಿಗೂ ಬೆಲ್ಟಿಗೂ ಬೂಸು ಹಿಡಿಯೋ ಕಾಲ, ಇಲ್ಲಿ ಅದನ್ನೆಲ್ಲಾ ಮಾಡೋ ಹಾಗಿಲ್ಲ. ಸಂಜೆ ಚೆನ್ನಾಗಿದ್ದ ಸಸಿ ಬೆಳಿಗ್ಗೆ ನೋಡಿದ್ರೆ ಬುಡದಲ್ಲಿ ನೀರುಗಟ್ಟಿ, ದಾರದಷ್ಟು ಸಣ್ಣಗಾಗಿ, ಸಾಲಾಗಿ ಮಲಗಿರುತ್ತೆ. ಮಣ್ಣಲ್ಲಿರೋ ಶಿಲೀಂಧ್ರದ ಕೆಲಸ ಅದು, ಬಿದ್ದ ಸಸಿ ಮತ್ತೆ ಏಳಲ್ಲ. ಇದಕ್ಕೆ ಔಷಧಿಗಿಂತ ಗಾಳಿ ಮುಖ್ಯ. ಹಳೇ ಕಂಪ್ಯೂಟರಿನ ಪುಟ್ಟ ಫ್ಯಾನು, ಇಲ್ಲಾಂದ್ರೆ ಯುಎಸ್‌ಬಿ ಫ್ಯಾನು ಒಂದು ಮೂಲೆಯಲ್ಲಿ ಓಡ್ತಾ ಇರ್ಲಿ, ಎಲೆ ಸುಮ್ಮನೆ ಅಲುಗಾಡೋಷ್ಟು ಸಾಕು. ಹಾಗೆ ಅಲುಗಾಡಿದ ಸಸಿಯ ಕಾಂಡವೂ ಗಟ್ಟಿ ಆಗುತ್ತೆ. ನೀರನ್ನ ಮೇಲಿಂದ ಹಾಕಬೇಡಿ, ಅಗಲ ತಟ್ಟೆಯಲ್ಲಿ ನೀರು ಹಾಕಿ ಡಬ್ಬವನ್ನ ಸ್ವಲ್ಪ ಹೊತ್ತು ಇಟ್ಟು ತೆಗೆದ್ರೆ ಬೇಕಾದಷ್ಟು ಕೆಳಗಿಂದ ಹೀರ್ಕೊಳ್ಳುತ್ತೆ, ಮೇಲಿನ ಮಣ್ಣು ಒಣಗಿರುತ್ತೆ. ಹಸಿ ಮಣ್ಣಿಗೆ ಮುತ್ತೋ ಸಣ್ಣ ಕಪ್ಪು ನೊಣಗಳೂ ಆಗ ಕಮ್ಮಿ ಆಗುತ್ತೆ. ಬಿತ್ತುವಾಗಲೇ ಗೊಬ್ಬರದ ಜೊತೆ ಟ್ರೈಕೋಡರ್ಮಾ ಪುಡಿ, ಅಂದ್ರೆ ರೋಗದ ಶಿಲೀಂಧ್ರವನ್ನ ತಡೆಯೋ ಒಳ್ಳೇ ಶಿಲೀಂಧ್ರ, ಸೇರಿಸಿದ್ರೆ ಇನ್ನೂ ನಿಶ್ಚಿಂತೆ, ಕಾಳುಮೆಣಸಿಗೆ ತಂದಿದ್ದು ತೋಟದ ಮನೆಗಳಲ್ಲಿ ಹೇಗೂ ಇರುತ್ತೆ.

ಕರೆಂಟು

ನಾಲ್ಕು ಟ್ಯೂಬು ಅಂದ್ರೆ 80 ವ್ಯಾಟ್, 14 ಗಂಟೆ ಓಡಿದ್ರೆ ದಿನಕ್ಕೆ ಒಂದು ಯೂನಿಟ್ಟಿನ ಮೇಲೆ ಚೂರು, ತಿಂಗಳಿಗೆ 34 ಯೂನಿಟ್ ಹತ್ರ. ಯೂನಿಟ್ಟಿಗೆ ಸುಮಾರು 6 ರೂಪಾಯಿ ಅಂತ ಹಿಡಿದ್ರೆ ಇನ್ನೂರು ರೂಪಾಯಿ. ಗೃಹಜ್ಯೋತಿ ಇರೋರು ಒಂದು ಗಮನಿಸಿ, ನಿಮ್ಮ ಮನೆಗೆ ನಿಗದಿಯಾದ ಮಿತಿ ಇರುತ್ತಲ್ಲ, ಅದನ್ನ ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಬೇಕು, 200 ದಾಟಿದ್ರೆ ಪೂರ್ತಿ ಬಿಲ್ ಬರುತ್ತೆ. ಮೊದಲೇ ನೂರೆಂಬತ್ತರ ಹತ್ರ ಇರೋರು ಎರಡೇ ಟ್ಯೂಬಲ್ಲಿ ಅರ್ಧ ತಟ್ಟೆ ಶುರು ಮಾಡಿ. ನಾಲ್ಕುನೂರು ರೂಪಾಯಿ ಆಸುಪಾಸಿನ ಟೈಮರ್ ಪ್ಲಗ್ ಹಾಕಿದ್ರೆ ಲೈಟು ತಾನೇ ಹತ್ತಿ ತಾನೇ ಆರುತ್ತೆ, ಊರಿಗೆ ಹೋದ್ರೂ ಚಿಂತೆ ಇಲ್ಲ. ಗಾಳಿ ಮಳೆಗೆ ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಹೋದ್ರೆ ಗಿಡ ಸಾಯಲ್ಲ, ಆ ದಿನಗಳಲ್ಲಿ ನೀರು ಮಾತ್ರ ಹಾಕಬೇಡಿ.

ದುಡ್ಡು ಉಳಿಸಬಾರದ ಜಾಗ ಅಂದ್ರೆ ವೈರಿಂಗು. ಕಬ್ಬಿಣದ ರ್ಯಾಕು, ಪಕ್ಕದಲ್ಲೇ ನೀರು, ಒದ್ದೆ ಕೈ. ಅರ್ಥಿಂಗ್ ಇರೋ ಪ್ಲಗ್ಗು, ಮನೆ ಬೋರ್ಡಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್) ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ರ ಒಂದ್ಸಲ ನೋಡಿಸಿ. ಎಕ್ಸ್‌ಟೆನ್ಷನ್ ಬೋರ್ಡನ್ನ ನೆಲದ ಮೇಲೆ ಇಡದೆ ಗೋಡೆಗೆ ಎತ್ತರಕ್ಕೆ ಹೊಡೀರಿ. ವೈರು ಪ್ಲಗ್ಗಿಗೆ ಹೋಗೋ ಮುಂಚೆ ಒಂದು ಸಲ ಕೆಳಗೆ ಜೋತು ಮೇಲೇರೋ ಹಾಗೆ ಬಿಟ್ರೆ, ಅಕಸ್ಮಾತ್ ವೈರ್ ಗುಂಟ ನೀರು ಹರಿದ್ರೂ ಆ ಜೋತಲ್ಲೇ ತೊಟ್ಟಿಕ್ಕುತ್ತೆ, ಪ್ಲಗ್ಗಿಗೆ ಹೋಗಲ್ಲ. ಮಕ್ಕಳಿರೋ ಮನೆಯಲ್ಲಿ ಇದಿಷ್ಟನ್ನೂ ಮಾಡದೆ ಸ್ವಿಚ್ ಹಾಕಲೇಬೇಡಿ.

ಈಗ ರ್ಯಾಕಲ್ಲಿ ಜೀರಿಗೆ ಮೆಣಸಿನ ಸಸಿ ಇದೆ, ಗೇಣುದ್ದ ಆಗಿದೆ. ಮಳೆ ಸ್ವಲ್ಪ ಹೊಳವಾದ ಮೇಲೆ ಅರ್ಧ ಆಲ್ದೂರಿಗೆ ಹೋಗುತ್ತೆ, ಉಳಿದಿದ್ದು ತಮಗೆ ಬೇಕು ಅಂತ ಬೀದಿಯಲ್ಲಿ ಕೈಗುಣದ ಮಾತಾಡ್ತಿದ್ದವರಲ್ಲಿ ಇಬ್ಬರು ಮೊದಲೇ ಹೇಳಿಟ್ಟಿದ್ದಾರೆ. ಅಮ್ಮ ಫೋನಲ್ಲಿ "ಬಂದ ದಿನವೇ ಹಿತ್ತಲಲ್ಲಿ ನೆಟ್ಟುಬಿಡ್ಲೇನೆ?" ಅಂತ ಕೇಳಿದ್ರು. ಬೇಡ ಅಂದೆ. ಟ್ಯೂಬ್ ಲೈಟಿನ ಎಲೆ ಮೆತ್ತಗಿರುತ್ತೆ, ಒಮ್ಮೆಲೇ ಬಯಲಿಗೆ ಇಟ್ರೆ ಬಿಸಿಲಿಗೆ ಬೆಳ್ಳಗೆ ಸುಟ್ಟು ಹೋಗುತ್ತೆ. ಮೊದಲ ಮೂರು ದಿನ ಜಗಲಿ ಮೇಲೆ ನೆರಳಲ್ಲಿ, ಆಮೇಲೆ ಬೆಳಗಿನ ಬಿಸಿಲು ಒಂದು ಗಂಟೆ, ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ, ಒಂದು ವಾರ ಹತ್ತು ದಿನ ಆದ್ಮೇಲೆ ಸಂಜೆ ಹೊತ್ತು ನೋಡಿ ನೆಡೋದು. ಬಚ್ಚಲು ಒಲೆ ಬೂದಿ ಒಂದು ಹಿಡಿ ಬುಡದ ಸುತ್ತ ಹಾಕ್ತೀನಿ, ಹುಳು ಬರಲ್ಲ ಅಂತ ಅಮ್ಮ ಅಂದ್ರು. ಹಾಕಮ್ಮ, ಕಾಂಡಕ್ಕೆ ತಾಗದ ಹಾಗೆ ಹಾಕು ಅಂದೆ.